ಒದರಿದ ಗಾಡಿಯನ್ನು ಸುಮ್ಮನಾಗಿಸಿದ್ದು

ಸೋದರಮಾವ ತೀರಿಕೊಂಡ ಸುದ್ದಿ ಬಂದಾಗ ನಾನು ಶಾಲೆಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದೆ. ಫೋನ್ ಮಾಡಿದವನು ಕುಬಿಹಾಳದಿಂದ ಮಾವನ ಮಗ. ಅಳುವಿನ ನಡುವೆ ಅವನ ಮಾತು ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಒಂದು ಮಾತನ್ನು ಮಾತ್ರ ಮೂರು ಸಲ ಹೇಳಿದ.

“ಮಾಮಾ, ಅತ್ತಿ ಬರೂತನಕಾ ನಾವು ಎತ್ತೂದಿಲ್ಲ. ಎಷ್ಟ ಹೊತ್ತಾದ್ರೂ ಆಗ್ಲಿ. ಅತ್ತಿ ಅಪ್ಪನ ಮಾರಿ ನೋಡಬೇಕು, ಆಮ್ಯಾಲನ ಎತ್ತೂದು.”

ಅತ್ತಿ ಎಂದರೆ ನನ್ನ ಅವ್ವ. ಸತ್ತವನು ಅವಳಿಗೆ ಒಬ್ಬನೇ ತಮ್ಮ.

ಹಿತ್ತಲಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದ ಅವ್ವನಿಗೆ ಹೇಗೆ ಹೇಳುವುದೆಂದು ನಾನೂ ನನ್ನ ಹೆಂಡತಿಯೂ ಬಾಗಿಲಲ್ಲಿ ಮಿಸುಕಾಡುತ್ತಿದ್ದೆವು. ಅವ್ವನೇ ತಲೆ ಎತ್ತಿ ನೋಡಿದಳು. “ಕುಬ್ಯಾಳದಾಗ ಏನಾತು?” ಎಂದಳು. ಹೇಳಿದೆ. ಕೈಯಲ್ಲಿದ್ದ ಸೊಪ್ಪಿನ ಕಂತೆಯನ್ನು ಬುಟ್ಟಿಗೆ ಹಾಕಿ ಎದ್ದು ಬಚ್ಚಲಿಗೆ ಹೋದಳು. ಮೈತೊಳೆದುಕೊಂಡು ಬಂದು, ದೇವರ ಮಾಡದಿಂದ ಹೊಸದೊಂದು ವಿಭೂತಿ ಗಟ್ಟಿ ತೆಗೆದು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದಳು. ಅಳಲಿಲ್ಲ.

ಅಳದೆ ಇದ್ದದ್ದಕ್ಕೆ ಕಾರಣ ಇತ್ತು. ನಮ್ಮ ಕಡೆಯ ಹಳೆಯ ಹೆಂಗಸರು ತವರಿನ ಸಾವಿಗೆ ಎಲ್ಲೆಂದರಲ್ಲಿ ಅಳುವುದಿಲ್ಲ. ಊರ ಹೆಬ್ಬಾಗಿಲಾದ ಅಗಸಿಯ ತನಕ ತಡೆದುಕೊಂಡು ಹೋಗುತ್ತಾರೆ. ಅಗಸಿಯ ಕಲ್ಲು ದಾಟುತ್ತಲೇ ದನಿ ತೆಗೆದು ಹಾಡ್ಯಾಡಿ ಅಳುತ್ತಾರೆ. ಸತ್ತವನ ಬಾಲ್ಯ, ಅವನು ತಂದ ಸೀರೆ, ಕಟ್ಟಿದ ಬುತ್ತಿ, ಆಡಿದ ಜಗಳ, ಎಲ್ಲವನ್ನೂ ಒಂದೊಂದಾಗಿ ಹೆಸರಿಟ್ಟು ಕರೆಯುತ್ತ ಹೆಣದ ಮುಂದೆ ಹೋಗಿ ಕೂರುತ್ತಾರೆ. ಅವ್ವ ಇದರಲ್ಲಿ ದೊಡ್ಡ ಕೈ. ಅವಳು ಅಳಲು ಕೂತರೆ ಗಂಡಸರೂ ಮಾತು ನಿಲ್ಲಿಸಿ ಕೇಳುತ್ತಿದ್ದರು. ನನಗೆ ಕನ್ನಡ ಬಂದದ್ದು ಅರ್ಧ ಅವಳ ಅಂಥ ಮಾತಿನಿಂದ, ಉಳಿದರ್ಧ ಆ ಮಾವನ ಹರಟೆಯಿಂದ.

ಮಾವ ಕಳೆದ ಶ್ರಾವಣದಲ್ಲಿ, ಪಂಚಮಿಗೆ ಅವ್ವನನ್ನು ಕರೆದೊಯ್ಯಲು ಅಣ್ಣಿಗೇರಿಗೆ ಬಂದಿದ್ದ. ಎಪ್ಪತ್ತರ ಹತ್ತಿರದ ತಮ್ಮ, ಎಪ್ಪತ್ತು ದಾಟಿದ ಅಕ್ಕನನ್ನು ಪಂಚಮಿಗೆ ಕರೆಯುವುದನ್ನು ಒಂದು ವರ್ಷವೂ ಬಿಟ್ಟವನಲ್ಲ. ಆಗ ನಮ್ಮ ಮನೆಯಲ್ಲಿ ಮಗಳ ಬಾಣಂತನ ನಡೆದಿತ್ತು. ಅವ್ವ ಇಲ್ಲದಿದ್ದರೆ ಕೂಸಿಗೆ ಎಣ್ಣೆ ಹಚ್ಚಿ ಎರೆಯುವವರು ಯಾರು ಎಂದು ನಾನೇ ಅಡ್ಡ ಬಂದೆ. “ಮುಂದಿನ ಪಂಚಮಿಗೆ ಎರಡೂ ವರ್ಸದ್ದು ಕೂಡೇ ಉಂಡಿ ತಿಂದ ಬರ್ತೀನಿ ಬಿಡೋ” ಎಂದು ಅವ್ವ ಅವನನ್ನು ಕಳಿಸಿದ್ದಳು.

ಅಂದು ಅವನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೊರಟಾಗ ನನ್ನ ಗಾಡಿಗೆ ಹೊಸದಾಗಿ ಹಾಕಿಸಿದ್ದ ರಿಮೋಟ್ ತೋರಿಸಿದ್ದೆ. ಗಾಡಿ ಹಳೆಯದು, ಇನ್ನೊಬ್ಬರು ಓಡಿಸಿ ಬಿಟ್ಟದ್ದು. ರಿಮೋಟನ್ನು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಹಾಕಿಸಿದ್ದೆ. ಗುಂಡಿ ಒತ್ತಿದರೆ ನಾಲ್ಕೂ ಬಾಗಿಲಿಗೆ ಕೀಲಿ ಬೀಳುತ್ತದೆ, ಗಾಡಿ ಒಮ್ಮೆ ‘ಟುಂಯ್ಕ್’ ಎನ್ನುತ್ತದೆ. ಆಮೇಲೆ ಯಾರಾದರೂ ಬಾಗಿಲು ಬಡಿದರೆ, ಗಾಜು ಗುದ್ದಿದರೆ ಒದರತೊಡಗುತ್ತದೆ.

ಮಾವ ಮೀಸೆ ತಿರುವಿ ನಕ್ಕು ಹೇಳಿದ್ದ: “ಏನಲೇ ಅಳಿಯಾ, ಕೀಲಿ ಹಾಕಿದ್ದು ಊರಿಗೆಲ್ಲಾ ಡಂಗುರಾ ಸಾರತೈತಲ್ಲೋ ನಿನ್ನ ಗಾಡಿ! ನಮ್ಮನಿ ಬಾಗಲಾ ನೋಡು, ಕೀಲಿ ಹಾಕಿದ್ರೂ ಸುಮ್ಮನ ಇರತೈತಿ, ಹಾಕಲಿಲ್ಲಂದ್ರೂ ಸುಮ್ಮನ ಇರತೈತಿ.”

“ಕಳ್ಳರು ಹೆಚ್ಚಾಗ್ಯಾರ ಮಾವಾ.”

“ಈ ಗಾಡೀನ್ನ ಕದ್ದಂವಗ ದೂಡಾಕ ಮತ್ತ ನಾಕ ಮಂದಿ ಬೇಕಲೇ.”

ಅದೇ ನಾನು ಅವನ ಬಾಯಿಂದ ಕೇಳಿದ ಕೊನೆಯ ಹರಟೆ.

ಹುಬ್ಬಳ್ಳಿ ಸುತ್ತಿ ಕುಬಿಹಾಳಕ್ಕೆ ಹೊರಟೆವು. ನಾನು ಓಡಿಸುತ್ತಿದ್ದೆ, ಹೆಂಡತಿ ನನ್ನ ಬಾಜು, ಅವ್ವ ಹಿಂದಿನ ಸೀಟಿನಲ್ಲಿ ಒಬ್ಬಳೇ, ತೊಡೆಯ ಮೇಲೆ ವಿಭೂತಿಯ ಗಂಟು. ಕಡಲೆ ಸುಗ್ಗಿಯ ಕಾಲ. ಹೊಟ್ಟು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಹೊತ್ತಾಯಿತು. ನಡುನಡುವೆ ಅವ್ವ ಕೇಳುತ್ತಿದ್ದಳು: “ಎತ್ತಿರೂದಿಲ್ಲಲಾ?” ನನ್ನ ಹೆಂಡತಿ ತಿರುಗಿ, “ಇಲ್ಲ ಅತ್ತಿ, ನಿಮ್ಮನ್ನ ಬಿಟ್ಟು ಎತ್ತೂದಿಲ್ಲಂತ ಹೇಳ್ಯಾರ” ಎನ್ನುವಳು. ಅವ್ವನ ಮೊಬೈಲು ಮನೆಯಲ್ಲಿ ಚಾರ್ಜಿಗೆ ಹಾಕಿದ್ದು ಹಾಕಿದಂತೆಯೇ ಉಳಿದಿತ್ತು. ಯಾರಿಗೂ ನೆನಪಾಗಲಿಲ್ಲ.

ಹಿಂದಿನ ಬಾಗಿಲುಗಳ ಸಂಗತಿಯನ್ನು ಇಲ್ಲಿ ಹೇಳಬೇಕು. ಮಗಳ ದೊಡ್ಡ ಕೂಸು ಒಮ್ಮೆ ನಲವಡಿ ಹತ್ತಿರ ಓಡುವ ಗಾಡಿಯ ಬಾಗಿಲು ತೆರೆದುಬಿಟ್ಟಿತ್ತು. ಅಂದಿನಿಂದ ಹಿಂದಿನ ಎರಡೂ ಬಾಗಿಲಿನ ಅಂಚಿನಲ್ಲಿರುವ ಸಣ್ಣ ಕಡ್ಡಿಯನ್ನು ಕೆಳಗೆ ಒತ್ತಿ ಬಿಟ್ಟಿದ್ದೆ. ಅದನ್ನು ಒತ್ತಿದರೆ ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಹೊರಗಿನಿಂದ ಯಾರಾದರೂ ತೆರೆಯಬೇಕು. ಹಾಗಾಗಿ ಅವ್ವ ಕೂತಾಗಲೆಲ್ಲ ನಾನೇ ಇಳಿದು ಸುತ್ತಿ ಬಂದು ಬಾಗಿಲು ತೆಗೆಯುತ್ತಿದ್ದೆ. “ನೋಡ್ರಿ, ಸಾಹೇಬರ ತಾಯಿ ಇಳಿದ್ಲು” ಎಂದು ಅವಳೇ ಚಾಷ್ಟಿ ಮಾಡುತ್ತಿದ್ದಳು.

ಕುಬಿಹಾಳ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಮಾವನ ಮನೆಯ ಓಣಿ ತುಂಬ ಮಂದಿ, ಬೈಕು, ಟ್ರ್ಯಾಕ್ಟರು. ಅಗಸಿಯ ಹೊರಬದಿಗೆ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿದೆ. ಅಲ್ಲಿಂದ ಮನೆಗೆ ನಡುವೆ ಹತ್ತೋ ಹನ್ನೆರಡೋ ಮನೆ. ನಾನು ಕಾಲು ಕೆಳಗಿಡುವಷ್ಟರಲ್ಲಿ ಮಾವನ ಮಗ ಓಡಿ ಬಂದು ನನ್ನ ಕೊರಳಿಗೆ ಬಿದ್ದ. ಅವನ ಹಿಂದೆ ಬಂದ ಹೆಂಗಸರು ನನ್ನ ಹೆಂಡತಿಯನ್ನು ತಬ್ಬಿಕೊಂಡು ಅಳುತ್ತ ಮುಂದೆ ನಡೆಸಿಕೊಂಡು ಹೋದರು. ಅತ್ತೆಯ ಬಾಗಿಲನ್ನು ಗಂಡ ತೆಗೆಯುತ್ತಾನೆ ಎಂದುಕೊಂಡು ಅವಳು ಹೋದಳು. ಹೆಂಗಸರೇ ಬಾಗಿಲು ತೆಗೆದು ಅವ್ವನನ್ನೂ ಇಳಿಸಿಕೊಂಡು ಹೋದರು ಎಂದುಕೊಂಡು ನಾನು ಹೋದೆ.

ತಿರುಗಿ ನೋಡಲಿಲ್ಲವೇ ಎಂದು ಕೇಳುವವರಿದ್ದಾರೆ. ನೋಡಿದೆ. ಹಿಂದಿನ ಸೀಟಿನಲ್ಲಿ ಯಾರೂ ಕಾಣಲಿಲ್ಲ. ಬಿಸಿಲಿಗೆಂದು ಗಾಜಿಗೆ ಕರಿ ಜಾಳಿಗೆಯ ಪರದೆ ಅಂಟಿಸಿದ್ದೆ, ಅದೊಂದು. ಇನ್ನೊಂದು, ಅವ್ವ ಆ ಹೊತ್ತಿಗೆ ಸೀಟಿನ ಕೆಳಗೆ ಬಿದ್ದ ವಿಭೂತಿಯ ಗಂಟನ್ನು ಬಗ್ಗಿ ಹುಡುಕುತ್ತಿದ್ದಳು. ಇದು ಆಮೇಲೆ ತಿಳಿದದ್ದು.

ಸತ್ತ ಮನೆಯ ಹತ್ತಿರ ಹಾರ್ನ್ ಹೊಡೆಯಬಾರದು, ಗಾಡಿಯ ಹಾಡು ನಿಲ್ಲಿಸಬೇಕು, ಇದೆಲ್ಲ ನಮ್ಮಲ್ಲಿ ಹೇಳಿಕೊಡದೆ ಬರುವ ರೀತಿ. ನನ್ನ ಗಾಡಿ ‘ಟುಂಯ್ಕ್’ ಎನ್ನುವುದಕ್ಕೆ ನನಗೆ ನಾಚಿಕೆಯಾಗುತ್ತಿತ್ತು. ಕೀಲಿ ಹಾಕದೆ ಬಿಡಲು ಮನಸ್ಸು ಒಪ್ಪಲಿಲ್ಲ. ಅದಕ್ಕೆ ಇಪ್ಪತ್ತು ಹೆಜ್ಜೆ ನಡೆದು, ಮಂದಿಯ ನಡುವೆ ಸೇರಿಕೊಂಡು, ಕಿಸೆಯೊಳಗೆ ಕೈ ಬಿಟ್ಟು, ಗಾಡಿಯ ಕಡೆ ಬೆನ್ನು ಮಾಡಿ ಗುಂಡಿ ಒತ್ತಿದೆ. ಹಿಂದೆ ಸಣ್ಣಗೆ ಸಪ್ಪಳವಾಯಿತು. ಯಾರೂ ತಿರುಗಲಿಲ್ಲ. ಒಳ್ಳೆಯದಾಯಿತು ಅಂದುಕೊಂಡೆ.

ಮಾವನನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಸುತ್ತ ಹೆಂಗಸರು. ಬಾಗಿಲಲ್ಲಿ ನಿಂತು ಕೈ ಮುಗಿದೆ. ಮುಂದೆ ಕೂತವರ ತಲೆ ಅಡ್ಡ, ಹಾರಗಳ ರಾಶಿ, ಊದಿನಕಡ್ಡಿಯ ಹೊಗೆ. ನಿಧಾನವಾಗಿ ನೋಡೋಣವೆಂದು ಹೊರಗೆ ಬಂದು ಚಪ್ಪರದ ಕೆಳಗೆ ಗಂಡಸರ ಸಾಲಿನಲ್ಲಿ ಕೂತೆ. ಭಜನೆ ನಡೆದಿತ್ತು. ಅವ್ವ ಒಳಗೆ ಕೂತಿದ್ದಾಳೆಂದು ನಾನು, ಓಣಿಯಲ್ಲಿ ಗಂಡಸರ ಹತ್ತಿರ ಇದ್ದಾಳೆಂದು ಒಳಗಿದ್ದ ನನ್ನ ಹೆಂಡತಿ. ತವರೂರು ನೋಡಿರಿ, ಹತ್ತು ಮನೆ ದಾಟಿ ಬರಬೇಕಾದರೆ ಹತ್ತು ಕಟ್ಟೆಯಲ್ಲಿ ಹಳೆಯ ಗೆಳತಿಯರು ತಡೆದು ತಬ್ಬಿಕೊಂಡು ಅಳುತ್ತಾರೆ. ತಡವಾದದ್ದು ಯಾರಿಗೂ ತಡ ಅನ್ನಿಸಲಿಲ್ಲ.

ಆಗ ಗಾಡಿ ಒದರಿತು.

ಭಜನೆಯ ತಾಳದ ನಡುವೆ ಕುಂಯ್ ಕುಂಯ್ ಎಂದು ಅಗಸಿಯ ಕಡೆಯಿಂದ ಆ ದನಿ ಬಂತು. ಪಕ್ಕದಲ್ಲಿ ಕೂತಿದ್ದ ರುಮಾಲಿನ ಹಿರಿಯರೊಬ್ಬರು ಮುಖ ಕಿವುಚಿದರು.

“ಯಾರ್ದಲೇ ಅದು? ಹೆಣಾ ಇನ್ನೂ ಎತ್ತಿಲ್ಲ, ಆಗ್ಲೇ ಸನಾದಿ ಶುರು ಹಚ್ಚೈತಿ!”

ಇನ್ನೊಬ್ಬರು, “ಪ್ಯಾಟಿ ಮಂದೀದು ಇರಬೇಕ ತಗೋರಿ. ಅವರಂಗ ಅವರ ಗಾಡಿಗೂ ಸಮಾಧಾನಿಲ್ಲ” ಎಂದರು.

ಕಿವಿ ಬಿಸಿಯಾದವು. ಮೇಕೆಯೋ ದನವೋ ಮೈ ತಿಕ್ಕಿರಬೇಕು ಅಂದುಕೊಂಡು ಕಿಸೆಯಲ್ಲೇ ಗುಂಡಿ ಒತ್ತಿದೆ. ಸುಮ್ಮನಾಯಿತು. ರಿಮೋಟ್ ಹಾಕಿದ ಅಂಗಡಿಯವನು ಹೇಳಿದ್ದು ಅಷ್ಟೇ ನನಗೆ ನೆನಪಿತ್ತು: “ಒದರಿದ್ರ ಮ್ಯಾಲಿನ ಗುಂಡಿ ಒತ್ತರಿ ಸರ್, ಬಾಯಿ ಮುಚ್ಚತೈತಿ. ಬಾಗಲಾ ಕೀಲಿ ಹಂಗ ಇರತೈತಿ.” ಎದ್ದು ಹೋಗಿ ನೋಡಬೇಕು ಅನ್ನಿಸಿತ್ತು. ಎದ್ದರೆ ಗಾಡಿ ನನ್ನದೆಂದು ಎಲ್ಲರಿಗೂ ತಿಳಿಯುತ್ತದಲ್ಲ ಎಂದು ಕೂತೆ.

ಸ್ವಲ್ಪ ಹೊತ್ತಿಗೆ ಕ್ರಿಯೆ ಮಾಡಿಸುವ ಅಯ್ಯನವರು ಬಂದು, ಹೆಣ ಕೂರಿಸಿ ಒಯ್ಯುವ ವಿಮಾನ ಸಿದ್ಧವಾಗಿದೆ, ಇನ್ನು ತಡ ಮಾಡುವುದು ಬೇಡ ಎಂದರು. ಮಾವನ ಮಗ ನನ್ನ ಹತ್ತಿರ ಬಂದು ಬಗ್ಗಿ ಕೇಳಿದ.

“ಮಾಮಾ, ಅತ್ತಿ ನೋಡಿದ್ಲಲಾ? ಎತ್ತೂಣು?”

“ನೋಡಿರ್ತಾಳ. ಒಳಗದಾಳ” ಎಂದೆ.

ಅವಳಿಗಾಗಿ ಬೆಳಗಿನಿಂದ ಕಾಯುತ್ತಿದ್ದ ಊರು ನನ್ನ ಆ ಒಂದು ಮಾತಿಗೆ ಎದ್ದು ನಿಂತಿತು. ಅಕ್ಕ ಬಂದ ಗಾಡಿಯನ್ನು ಎಲ್ಲರೂ ನೋಡಿದ್ದರು. ಗಾಡಿ ಬಂದ ಮೇಲೆ ಅಕ್ಕ ಬಂದಂತೆಯೇ.

ಮಾವನನ್ನು ಎತ್ತಿ ಹೊಸ್ತಿಲು ದಾಟಿಸಿ ವಿಮಾನದಲ್ಲಿ ಕೂರಿಸುವಾಗ ಅವನ ಮುಖ ನನ್ನಿಂದ ಎರಡು ಮಾರು ದೂರದಲ್ಲಿತ್ತು. ಸರಿಯಾಗಿ ಆ ಹೊತ್ತಿಗೆ ಗಾಡಿ ಮತ್ತೆ ಒದರಿತು. ಈ ಸಲ ಬಿಡದೆ, ಒಂದೇ ಸವನೆ. ಮಂದಿ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿ ಕಿಸೆಯಲ್ಲಿ ತಡಕಾಡಿದೆ. ಗುಂಡಿ ಬೇಗ ಸಿಗಲಿಲ್ಲ. ಸಿಕ್ಕಾಗ ಒತ್ತಿ ಹಿಡಿದೆ. ಸುಮ್ಮನಾಯಿತು. ತಲೆ ಎತ್ತುವಷ್ಟರಲ್ಲಿ ವಿಮಾನ ಹೆಗಲ ಮೇಲೆ ಏರಿ ಆ ಕಡೆ ತಿರುಗಿತ್ತು.

ಹೊಲ ಊರಿನ ಇನ್ನೊಂದು ದಿಕ್ಕಿಗೆ. ಮಾವನ ಅಪ್ಪ ಅವ್ವ ಇಬ್ಬರನ್ನೂ ಇಟ್ಟ ಹೊಲ. ಅಷ್ಟು ದೂರಕ್ಕೆ ಗಾಡಿಯ ದನಿ ಕೇಳುತ್ತಿರಲಿಲ್ಲ, ಕೇಳಿದ್ದರೂ ಭಜನೆಯಲ್ಲಿ ಮುಳುಗುತ್ತಿತ್ತು. ಕುಣಿಯ ಬದಿಗೆ ಕೊರೆದ ಗೂಡಿಗೆ ಇಳಿಸಿದರು, ಬಿಲ್ವಪತ್ರಿ ಹಾಕಿದರು, ಗೂಡು ಮುಚ್ಚಿದರು. ಗಂಡಸರು ಮಣ್ಣು ಕೊಟ್ಟರು. ಆಮೇಲೆ ಹೆಂಗಸರ ಸರದಿ. ಒಬ್ಬ ಮುದುಕಿ ಹಿಡಿ ಮಣ್ಣು ತೆಗೆದುಕೊಂಡವಳು ನನ್ನ ಹೆಂಡತಿಯನ್ನು ಕೇಳಿದಳು.

“ಎಲ್ಲಿ ಬೇ ನಿಮ್ಮತ್ತಿ? ಒಡಹುಟ್ಟಿದಾಕಿ ಮಣ್ಣ ಕೊಡಾಕ ಬರಬಾರದೇನ? ದನಿನೂ ಕೇಳ್ಲಿಲ್ಲ ಇವತ್ತ ಆಕೀದು.”

ಹೆಂಡತಿ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ. “ನಿಮ್ಮ ಸಂಗಾಟ ಇರಲಿಲ್ಲೇನ್ರಿ?” ಎಂದಳು. ನನ್ನ ಕೈ ಆಗ ಕಿಸೆಯ ಮೇಲಿತ್ತು.

ಯಾರದೋ ಬೈಕಿನ ಹಿಂದೆ ಕೂತು ಅಗಸಿಗೆ ಬಂದೆ. ಇಳಿಯುವ ಮೊದಲೇ ಗುಂಡಿ ಒತ್ತಿದ್ದೆ. ಬೇವಿನ ನೆರಳು ಸರಿದು ಗಾಡಿಯ ಅರ್ಧ ಬಿಸಿಲಿಗೆ ಬಿದ್ದಿತ್ತು. ಬಾಗಿಲು ತೆರೆದಾಗ ಒಳಗಿನ ಝಳ ಮುಖಕ್ಕೆ ಹೊಡೆಯಿತು. ಅವ್ವ ಸೀಟಿನ ಮೂಲೆಗೆ ಒರಗಿ ಕೂತಿದ್ದಳು. ಕುಪ್ಪಸ ಬೆವರಿನಿಂದ ತೊಯ್ದಿತ್ತು. ಗಾಜಿನ ತುಂಬ ವಿಭೂತಿಯ ಬಿಳಿ ಬೆರಳಚ್ಚು. ಗಂಟು ಬಿಚ್ಚಿ ಗಟ್ಟಿ ಎರಡು ತುಂಡಾಗಿತ್ತು. ಅದರಿಂದಲೇ ಗಾಜು ಬಡಿದಿದ್ದಳು.

“ಎತ್ತಿದ್ರೇನ?” ಎಂದಳು. ದನಿ ಒಡೆದಿತ್ತು.

ನನ್ನ ಅಂಗೈ ನೋಡಿದಳು. ಅದರಲ್ಲಿ ಹೊಲದ ಕರಿ ಮಣ್ಣಿತ್ತು.

ಬೈಕಿನವನು ಎದುರು ಮನೆಯಿಂದ ನೀರು ತಂದ. ಎರಡು ಗುಟುಕು ಕುಡಿದು ಉಳಿದದ್ದನ್ನು ಮುಖಕ್ಕೆ ಹಾಕಿಕೊಂಡಳು. ಮುಂದಿನ ಸೀಟಿಗೆ ದಾಟಿ ಆ ಬಾಗಿಲು ತೆಗೆಯಬಹುದಿತ್ತಲ್ಲ ಎಂದು ಅವನು ಕೇಳಿದ. ಅವಳ ಮೊಣಕಾಲಿನ ನೋವು ಅವನಿಗೆ ಗೊತ್ತಿರಲಿಲ್ಲ. ಗಾಜು ಇಳಿಸುವ ಗುಂಡಿ ಒತ್ತಿ ನೋಡಿದ್ದಳು, ಕೀಲಿಕೈ ತೆಗೆದ ಗಾಡಿಯಲ್ಲಿ ಅದು ಕೆಲಸ ಮಾಡುವುದಿಲ್ಲ. ಬಾಗಿಲ ಹಿಡಿಕೆ ಎಳೆದೆಳೆದು ಬೆರಳ ಚರ್ಮ ಕಿತ್ತಿತ್ತು. ಕೊಡ ಹೊತ್ತ ಹೆಂಗಸೊಬ್ಬಳು ಹಾದು ಹೋದಳಂತೆ. ಗಾಡಿ ಒದರುವುದನ್ನು ಕೇಳಿ ನಿಂತಳಂತೆ. ಒದರುವುದು ನಿಂತಿತು, ಅವಳೂ ಹೋದಳು.

ಆಮೇಲೆ ಅವ್ವ ಕೇಳಿದಳು: “ನಾ ಬಡದಾಗೊಮ್ಮೆ ಗಾಡಿ ಒದರತಿತ್ತು. ಯಾರರ ಬಂದಾರು ಅನಕೊಂಡೆ. ಮತ್ತ ಬಾಯಿ ಮುಚ್ಚತಿತ್ತು. ಯಾಕದು?”

“ಅದು ಹಂಗ ಬೇ. ತಾನ ನಿಂದರತೈತಿ” ಎಂದೆ.

ಹೊಲಕ್ಕೆ ಕರೆದುಕೊಂಡು ಹೋದೆವು. ಮಾವನ ಮಗ ಓಡಿ ಬಂದು ಅವಳ ಕಾಲ ಮೇಲೆ ಬಿದ್ದ. “ಗುದ್ದಲಿ ತರಸ್ತೀನಿ ಅತ್ತಿ, ತೆಗಸ್ತೀನಿ” ಎಂದ. ಅಯ್ಯನವರು ಬೇಡವೆಂದು ತಲೆ ಅಲ್ಲಾಡಿಸಿದರು. ಅವ್ವನೂ ಬೇಡವೆಂದಳು. ಮುರಿದ ವಿಭೂತಿಯ ಒಂದು ತುಂಡನ್ನು ಹಸಿ ಮಣ್ಣಿನ ಗುಪ್ಪೆಯ ಮೇಲೆ ಮೂರು ಗೆರೆಯಾಗಿ ಎಳೆದು ತಿಕ್ಕಿದಳು. ಮಣ್ಣಿಗೆ ವಿಭೂತಿ ಹತ್ತಲಿಲ್ಲ, ಪುಡಿಯಾಗಿ ಉದುರಿತು. ಊರ ಹೆಂಗಸರು ಸುತ್ತ ಕೂತು ಅವಳು ದನಿ ತೆಗೆಯಲೆಂದು ಕಾದರು. ಅವಳು ತೆಗೆಯಲಿಲ್ಲ. ಹಾಡ್ಯಾಡಿ ಅಳುವುದನ್ನೆಲ್ಲ ಅವಳು ಆಗಲೇ ಅತ್ತು ಮುಗಿಸಿದ್ದಳು, ಏರಿಸಿದ ಗಾಜಿನ ಒಳಗೆ. ಏನೇನು ಹೇಳಿ ಅತ್ತಳೋ, ಅದನ್ನು ಕೇಳಿದವರು ಯಾರೂ ಇಲ್ಲ.

ಈಗ ನಾನು ಗಾಡಿ ನಿಲ್ಲಿಸಿದರೆ ಮೊದಲು ಹಿಂದಿನ ಬಾಗಿಲು ತೆರೆಯುತ್ತೇನೆ. ಯಾರೂ ಇಲ್ಲವೆಂದು ಗೊತ್ತಿದ್ದರೂ ತೆರೆದು, ಸೀಟಿನ ಕೆಳಗೆ ಬಗ್ಗಿ ನೋಡಿ, ಮುಚ್ಚಿ, ಗಾಡಿಯ ಎದುರೇ ನಿಂತು ಗುಂಡಿ ಒತ್ತುತ್ತೇನೆ. ಕೀಲಿಕೈ ಕಿಸೆಯಲ್ಲಿ ಇಟ್ಟುಕೊಂಡು ಒತ್ತುವುದಿಲ್ಲ. ದೊಡ್ಡವರು ಕೂತಾಗ ಬಾಗಿಲಿನ ಆ ಕಡ್ಡಿಯನ್ನು ಮೇಲಕ್ಕೆ ಎತ್ತಿಡುತ್ತೇನೆ. ಜಾಳಿಗೆಯ ಪರದೆ ಕಿತ್ತು ಹಾಕಿದೆ. ಎಲ್ಲಕ್ಕಿಂತ ಮುಖ್ಯ, ಗಾಡಿ ಒದರಿದರೆ ಎಂಥ ಸಭೆಯಲ್ಲಿ ಕೂತಿದ್ದರೂ ಎದ್ದು ಹೋಗಿ ನೋಡಿಯೇ ಸುಮ್ಮನಾಗಿಸುತ್ತೇನೆ. ಶಾಲೆಯಲ್ಲಿ ಹೊಸದಾಗಿ ಗಾಡಿ ತೆಗೆದುಕೊಂಡ ಮಾಸ್ತರರಿಗೆಲ್ಲ ಇದನ್ನು ಹೇಳುತ್ತೇನೆ. ಅವರು ಮರ್ಯಾದೆಗೆ ತಲೆ ಅಲ್ಲಾಡಿಸಿ, “ಹೌದ್ರಿ ಸರ್” ಎಂದು, ನಡೆಯುತ್ತ ನಡೆಯುತ್ತ ಹಿಂದೆ ನೋಡದೆ ‘ಟುಂಯ್ಕ್’ ಅನ್ನಿಸಿಕೊಂಡು ಹೋಗುತ್ತಾರೆ.

ಅವ್ವನಿಗೆ ನಾನು ಹೇಳಿದ ಸುಳ್ಳು ಹೊಟ್ಟೆಯಲ್ಲಿ ಉಳಿದಿತ್ತು. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ಗಾಡಿ ತಾನಾಗಿ ನಿಲ್ಲಲಿಲ್ಲ, ನಾನೇ ನಿಲ್ಲಿಸಿದೆ, ಎರಡು ಸಲ, ಮಂದಿ ಏನೆಂದಾರೋ ಎಂದು. ನೋಡಿರ್ತಾಳೆ, ಒಳಗಿದ್ದಾಳೆ ಎಂದು ಹೇಳಿದವನೂ ನಾನೇ.

ಮೊರ ಆಡುವುದು ನಿಂತಿತು. “ಯಾವುದು ಆ ಗುಂಡಿ?” ಎಂದಳು. ರಿಮೋಟ್ ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದಳು, ಒತ್ತಲಿಲ್ಲ. ವಾಪಸು ಕೊಟ್ಟಳು. ಬೈಯಲೂ ಇಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಮತ್ತೆ ಅಕ್ಕಿಯ ಕಲ್ಲು ಆರಿಸುತ್ತಲೇ ಕೇಳಿದಳು.

“ಆತು. ಅಂವನ ಮಾರಿ ಹೆಂಗಿತ್ತು, ಅದನ್ನರ ಹೇಳು. ನೀ ಹತ್ರನ ಇದ್ದೆಲ್ಲಾ, ಎತ್ತೂಮುಂದ?”

ಅಂದು ಎರಡು ಮಾರು ದೂರದಲ್ಲಿದ್ದೆ. ಹಣೆಯ ವಿಭೂತಿ, ಹಾರದ ಸೇವಂತಿಗೆ, ಬಿಳಿ ಅರಿವೆ ಇವೆಲ್ಲ ಕಣ್ಣಿಗೆ ಬರುತ್ತವೆ, ಎಲ್ಲ ಹೆಣಕ್ಕೂ ಇರುವಂಥವು. ಅವುಗಳ ನಡುವೆ ಮಾವನ ಮುಖ ಬರುವುದಿಲ್ಲ. ಬಾಯಿ ಮುಚ್ಚಿತ್ತೋ ತೆರೆದಿತ್ತೋ, ನೋವು ತಿಂದಂತೆ ಇತ್ತೋ ಮಲಗಿದಂತೆ ಇತ್ತೋ, ಏನೂ ತಿಳಿಯದು. ಏನಾದರೊಂದು ಹೇಳಬಹುದಿತ್ತು. ಇನ್ನೊಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ನಾನೂ ನೋಡ್ಲಿಲ್ಲ ಬೇ” ಎಂದೆ. “ಕಿಸೇದಾಗ ಗುಂಡಿ ಹುಡುಕಾಕತ್ತಿದ್ದೆ.”

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಮೊರ ಕೆಳಗಿಟ್ಟು ಒಳಗೆ ಕೂಗಿ ನನ್ನ ಹೆಂಡತಿಯನ್ನು ಕರೆದಳು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ಅಂದು ಹೆಣದ ಪಕ್ಕದಲ್ಲೇ ಕೂತಿದ್ದವಳು.

“ಕುಂಡ್ರ ಬಾ ಇಲ್ಲೆ,” ಎಂದಳು ಅವ್ವ. “ಮೀಸಿ ಹೆಂಗಿತ್ತು? ಮೊದಲ ಮೀಸೀದು ಹೇಳು.”